ನದಿ ಕಡಲನ್ನು ಸೇರುವ ಅಳಿವೆಯಲ್ಲಿ ಜೀವಜಾತಿಗಳು ಎಲ್ಲಕ್ಕಿಂತ ಜಾಸ್ತಿ ಅನ್ನೋದು ಸರಿಯಲ್ಲ

'ನದಿಯ ಜೀವಿಗಳೂ ಕಡಲಿನ ಜೀವಿಗಳೂ ಸೇರುವುದರಿಂದ ಅಳಿವೆಯಲ್ಲಿ ಎರಡರಷ್ಟು ಜಾತಿಗಳಿರುತ್ತವೆ, ಅದಕ್ಕೇ ಜೀವವೈವಿಧ್ಯದ ಅಧ್ಯಯನಕ್ಕೆ ಅದನ್ನು ಆರಿಸುತ್ತಾರೆ' ಅನ್ನೋ ಮಾತು ಓಡಾಡುತ್ತಿದೆ. ಕೇಳೋಕೆ ಚೆನ್ನಾಗಿದೆ, ಆದರೆ ತಪ್ಪು.

ಅಳಿವೆಯಲ್ಲಿ ಜಾಸ್ತಿ ಇರೋದು ಜೀವಿಗಳ ಸಂಖ್ಯೆ, ಜಾತಿಗಳಲ್ಲ. ಒಂದು ಹಿಡಿ ಕೆಸರಲ್ಲಿ ನೂರಾರು ಹುಳುಗಳು ಸಿಗಬಹುದು, ಆದರೆ ಎಲ್ಲಾ ಸೇರಿ ಕೆಲವೇ ಜಾತಿಯವು. ಕಡಲ ನೀರಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು, ನದಿಯಲ್ಲಿ ಹೆಚ್ಚುಕಮ್ಮಿ ಸೊನ್ನೆ. ಈ ನಡುವಿನ ಸವಳು ನೀರು ಭರತ (ಕಡಲ ಉಬ್ಬರ) ಬಂದಾಗ ಒಂದು ಥರ, ಇಳಿದಾಗ ಇನ್ನೊಂದು ಥರ ಇರುವುದರಿಂದ ಅದನ್ನು ತಡೆದುಕೊಳ್ಳುವ ಜೀವಿಗಳೇ ಕಮ್ಮಿ. 1934ರಲ್ಲೇ ಜರ್ಮನಿಯ ಪ್ರಾಣಿವಿಜ್ಞಾನಿ ಅಡಾಲ್ಫ್ ರೆಮಾನೆ ಉತ್ತರ ಯುರೋಪಿನ ಸವಳು ನೀರಿನ ಬಾಲ್ಟಿಕ್ ಸಮುದ್ರದ ತಳದ ಪ್ರಾಣಿಗಳನ್ನು ನೋಡಿ, ಉಪ್ಪು ಲೀಟರಿಗೆ ಸುಮಾರು 5ರಿಂದ 8 ಗ್ರಾಂ ಇರುವ ಕಡೆ ಜಾತಿಗಳು ಅತಿ ಕಡಿಮೆ ಅಂತ ತೋರಿಸಿದ್ದರು. (ಬಾಲ್ಟಿಕ್‌ನಲ್ಲಿ ಭರತ ಇಳಿತ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ, ಹಾಗಾಗಿ ಆ ಅಂಕಿಯನ್ನು ಎಲ್ಲಾ ಅಳಿವೆಗೂ ಸುಮ್ನೆ ಅಂಟಿಸಬೇಡಿ.)

ಹಾಗಾದ್ರೆ ಅಧ್ಯಯನಕ್ಕೆ ಅಳಿವೆ ಯಾಕೆ ಬೇಕು? ಕೆಲವೇ ಕಿಲೋಮೀಟರಿನೊಳಗೆ ಸಿಹಿನೀರಿನಿಂದ ಉಪ್ಪುನೀರಿನವರೆಗೆ ಎಲ್ಲಾ ಮೆಟ್ಟಿಲೂ ಸಿಗುತ್ತವೆ, ಅಲ್ವಾ? ಜೀವಿಗಳು ಎಲ್ಲಿ, ಯಾಕೆ ಬದಲಾಗುತ್ತವೆ ಅಂತ ನೋಡೋಕೆ ಇಷ್ಟು ಅನುಕೂಲದ ಜಾಗ ಕಡಿಮೆ. ಕಡಲ ಮೀನುಗಳ ಎಷ್ಟೋ ಮರಿಗಳು ಬೆಳೆಯೋದೂ ಇಲ್ಲೇ. ಆದರೆ ಅಳಿವೆ ಕಡಲಿಗೆ ತೆರೆಯುವ ಬಾಯಿಯ ಹತ್ತಿರ ಒಂದೇ ಕಡೆ, ಒಂದೇ ದಿನ ಬಲೆ ಹಾಕಿ ಪಟ್ಟಿ ಮಾಡಿದರೆ ಅದು ಅಳಿವೆಯ ಪಟ್ಟಿ ಅಲ್ಲ. ಮಳೆಗಾಲದಲ್ಲೂ ಬೇಸಿಗೆಯಲ್ಲೂ, ಮೇಲಿನಿಂದ ಕೆಳಗಿನವರೆಗೆ ಹಲವು ಕಡೆ, ಉಪ್ಪನ್ನೂ ಅಳೆದು ನೋಡಬೇಕು.