ಸಾವಿರ ಮೈಲಿ ರೈಡಿಗೆ ಮ್ಯಾಪ್ ಸಾಲಲ್ಲ, ಗಡಿಯಾರ ಬೇಕು

ತುಮಕೂರಿನ ಬೈಕ್ ಹುಡುಗರ ಬಾಯಲ್ಲಿ ಈಗ ಒಂದೇ ಮಾತು. ಸ್ಯಾಡಲ್‌ಸೋರ್ ಮಾಡಬೇಕು. 24 ಗಂಟೆಯೊಳಗೆ 1000 ಮೈಲಿ, ಅಂದರೆ ಹೆಚ್ಚುಕಡಿಮೆ 1,610 ಕಿ.ಮೀ. ಓಡಿಸಿ ಅಮೆರಿಕದ ಐರನ್ ಬಟ್ ಅಸೋಸಿಯೇಷನ್ ಕೊಡುವ ಸರ್ಟಿಫಿಕೇಟ್ ತಗೋಬೇಕು. ಮಾಡಲಿ, ಬೇಡ ಅನ್ನಲ್ಲ. ಆದರೆ ರೂಟ್ ಪ್ಲಾನ್ ಅಂತ ಅವರು ತೋರಿಸುವುದು ಮೊಬೈಲಿನಲ್ಲಿ ಒಂದು ನೀಲಿ ಗೆರೆ, ಅದರ ಕೆಳಗೆ ಒಟ್ಟು ಕಿಲೋಮೀಟರ್. ಅಷ್ಟೇ. ಯಾವ ಊರು ಎಷ್ಟು ಹೊತ್ತಿಗೆ ದಾಟ್ತೀಯಪ್ಪಾ ಅಂತ ಕೇಳಿದರೆ 'ಹೋಗ್ತಾ ನೋಡ್ಕೊಳ್ಳೋಣ ಬಿಡಣ್ಣ' ಅಂತಾರೆ.

ನೋಡ್ಕೊಳ್ಳೋಕೆ ಆಗಲ್ಲ. ಅದಕ್ಕೇ ಇಷ್ಟುದ್ದ ಬರೀತಿದ್ದೀನಿ.

ಮೊದಲು ಸ್ಪೀಡಿನ ಭ್ರಮೆ ಬಿಡೋಣ. ನಾಲ್ಕು ಪಥದ ಹೆದ್ದಾರಿಯಲ್ಲಿ ಬೈಕಿಗೆ ಕೇಂದ್ರ ಸರ್ಕಾರ ಇಟ್ಟಿರುವ ಮಿತಿ ಗಂಟೆಗೆ 80. ಓಡುವಾಗ ಸರಾಸರಿ 75 ಸಿಕ್ಕರೂ 1,610 ಕಿ.ಮೀ.ಗೆ ಇಪ್ಪತ್ತೊಂದೂವರೆ ಗಂಟೆ. ಉಳಿಯುವುದು ಎರಡೂವರೆ ಗಂಟೆ. ಪೆಟ್ರೋಲ್, ಊಟ, ಮೂತ್ರ, ಟೀ, ಹೆಲ್ಮೆಟ್ ಗಾಜು ಒರೆಸುವುದು ಎಲ್ಲಾ ಅದರಲ್ಲೇ ಆಗಬೇಕು. ಎಲ್ಲರೂ ಸೋಲುವುದು ಇಲ್ಲಿ. ರಸ್ತೆಯಲ್ಲಿ 110 ಹೊಡೆದು ಗಳಿಸಿದ ಹತ್ತು ನಿಮಿಷವನ್ನು ಡಾಬಾದ ಮಂಚದ ಮೇಲೆ ಕೂತು ಕಳೆಯುತ್ತಾರೆ. ಜೋರಾಗಿ ಓಡಿಸಿದರೆ ಮೈಲೇಜೂ ಬೀಳುತ್ತದೆ, ಪಂಪಿಗೆ ಇನ್ನೊಂದು ಸಲ ನುಗ್ಗಬೇಕು. 15 ಲೀಟರ್ ಟ್ಯಾಂಕಿನ, 30 ಮೈಲೇಜಿನ ಗಾಡಿ ಆದರೆ 300 ಕಿ.ಮೀ.ಗೊಮ್ಮೆ ತುಂಬಿಸಿ, ಅಲ್ಲೇ ಬಾಳೆಹಣ್ಣು ತಿಂದು, ನೀರು ಕುಡಿದು ಹೊರಡಬೇಕು. ದಾವಣಗೆರೆ ದಾರಿಯಲ್ಲೇ ಸಿಕ್ಕರೂ ಬೆಣ್ಣೆ ದೋಸೆ ಕಡೆ ತಿರುಗಿ ನೋಡಬಾರದು. ಇದು ನನಗೂ ಕಷ್ಟ.

ಈಗ ರೂಟಿಗೆ ಬರೋಣ. ಹೆಚ್ಚಿನವರಿಗೆ ಮೊದಲು ಹೊಳೆಯುವುದು ಕನ್ಯಾಕುಮಾರಿ. ಹೇಳಿಕೊಳ್ಳಲು ಚೆನ್ನಾಗಿರುತ್ತದೆ ಅಲ್ವಾ? ಆದರೆ ತುಮಕೂರಿನಿಂದ ಹೋಗಿ ಬಂದರೆ ಸುಮಾರು 1,500 ಕಿ.ಮೀ. ಮಾತ್ರ. ಇನ್ನೂ ನೂರಕ್ಕೂ ಮಿಕ್ಕಿ ಎಲ್ಲಾದರೂ ಸುತ್ತಬೇಕು. ಅದಕ್ಕಿಂತ ದೊಡ್ಡ ತಲೆನೋವು ಬೆಂಗಳೂರನ್ನು ಎರಡು ಸಲ ದಾಟುವುದು. ಊರನ್ನು ಬಳಸಿ ಹೋಗುವ ನೈಸ್ ರೋಡ್ ಇದೆಯಲ್ಲ ಅನ್ನಬಹುದು. 2022ರ ಜನವರಿಯಿಂದ ಅಲ್ಲಿ ರಾತ್ರಿ 10ರಿಂದ ಬೆಳಗ್ಗೆ 5ರವರೆಗೆ ಬೈಕ್ ಬಿಡುವುದಿಲ್ಲ. ನೀವು ವಾಪಸ್ ಬರುವುದೇ ಆ ಹೊತ್ತಿಗೆ. ಮ್ಯಾಪಿನಲ್ಲಿ ನೀಲಿ ಗೆರೆ ಅಚ್ಚುಕಟ್ಟಾಗಿರುತ್ತದೆ, ಗೇಟಿನಲ್ಲಿ ಮಾತ್ರ ವಾಪಸ್ ಕಳಿಸುತ್ತಾರೆ.

ಚಿಕ್ಕಬಳ್ಳಾಪುರದ ಗೆಳೆಯರಿಗೆ 44ರ ಹೆದ್ದಾರಿ ಮನೆ ಬಾಗಿಲಿಗೇ ಇದೆ. ಬಾಗೇಪಲ್ಲಿ, ಅನಂತಪುರ, ಕರ್ನೂಲು ದಾಟಿ ಆದಿಲಾಬಾದ್ ತನಕ ಹೋಗಿ ತಿರುಗಿದರೆ ಲೆಕ್ಕ ಸರಿಯಾಗುತ್ತದೆ. ಆದರೆ ಮಧ್ಯದಲ್ಲಿ ಹೈದರಾಬಾದ್ ಕೂತಿದೆ. ಅಲ್ಲಿಯ ಔಟರ್ ರಿಂಗ್ ರೋಡಿಗೆ ಬೈಕ್ ಬಿಡಲ್ಲ. ಎರಡು ಸಲವೂ ಊರೊಳಗೇ ನುಗ್ಗಬೇಕು.

ನಮಗೆ 48ರ ಹೆದ್ದಾರಿ ಇದೆ. ಈ ವಿಷಯದಲ್ಲಿ ತುಮಕೂರಿನವರು ಪುಣ್ಯವಂತರು. ಶಿರಾ, ಹಿರಿಯೂರು, ಚಿತ್ರದುರ್ಗ, ದಾವಣಗೆರೆ, ಹಾವೇರಿ, ಹುಬ್ಬಳ್ಳಿ, ಬೆಳಗಾವಿ, ಕೊಲ್ಲಾಪುರ, ಸತಾರಾ ಅಂತ ಪುಣೆವರೆಗೆ ಒಂದೇ ಎಳೆ. ಟೋಲ್‌ಗಳಲ್ಲಿ ಬೈಕಿಗೆ ದುಡ್ಡಿಲ್ಲ, ಎಡಗಡೆಯ ಸಂದಿಯಲ್ಲಿ ನುಗ್ಗಿಬಿಡಬಹುದು. 2025ರ ಜೂನ್‌ನಲ್ಲಿ ಬೈಕಿಗೂ ಟೋಲ್ ಬರುತ್ತೆ ಅಂತ ಸುದ್ದಿ ಹಬ್ಬಿ, ಸಚಿವ ಗಡ್ಕರಿಯವರೇ ಸುಳ್ಳು ಅಂತ ಹೇಳಬೇಕಾಯಿತು.

ಪುಣೆಗೆ ಇಲ್ಲಿಂದ ಸುಮಾರು 770 ಕಿ.ಮೀ. ಹೋಗಿ ಬಂದರೆ 1,540. ಉಳಿದ ಎಪ್ಪತ್ತಕ್ಕೆ ಪುಣೆ ದಾಟಿ ಮುಂದೆ ಹೋಗುವ ಅನ್ನಿಸುತ್ತದೆ. ಬೇಡ. ಅಷ್ಟು ಹೊತ್ತಿಗೆ ಮಧ್ಯಾಹ್ನ ಮೂರಾಗಿರುತ್ತದೆ, ಮೈ ಬೆಂದಿರುತ್ತದೆ, ಪುಣೆ ಬೈಪಾಸಿನ ಟ್ರಾಫಿಕ್‌ನಲ್ಲಿ ಕ್ಲಚ್ ಹಿಡಿದೇ ಕೈ ಬಿದ್ದುಹೋಗುತ್ತದೆ. ಊರಿಗೆ ಮುಂಚೆ ಸಿಗುವ ಖೇಡ್ ಶಿವಾಪುರ ಟೋಲ್ ಆಸುಪಾಸಿನಲ್ಲೇ ತಿರುಗಿಬಿಡಿ. ಕಡಿಮೆ ಬೀಳುವ ಕಿಲೋಮೀಟರನ್ನು ಮೊದಲೇ ತುಂಬಿಸಿಕೊಳ್ಳಿ. ಶುರುವಿನಲ್ಲೇ ಖಾಲಿ ರಸ್ತೆಯಲ್ಲಿ ನೆಲಮಂಗಲಕ್ಕೆ ಬಂದು, ಕುಣಿಗಲ್ ಕಡೆ ಒಂದಿಷ್ಟು ಹೋಗಿ, ತಿರುಗಿ ತುಮಕೂರಿಗೆ. ಒಟ್ಟು 1,630-1,640 ಬರುವ ಹಾಗೆ ನೋಡಿಕೊಳ್ಳಿ. ಬೈಕಿನ ಮೀಟರ್ ಸಾಮಾನ್ಯವಾಗಿ ಸ್ವಲ್ಪ ಜಾಸ್ತಿಯೇ ತೋರಿಸುತ್ತದೆ. ಸರ್ಟಿಫಿಕೇಟ್ ಕೊಡುವವರು ನಂಬುವುದು ನಿಮ್ಮ ಮೀಟರನ್ನಲ್ಲ, ಪೆಟ್ರೋಲ್ ಬಿಲ್ಲಿನಿಂದ ಬಿಲ್ಲಿಗೆ ಮ್ಯಾಪಿನಲ್ಲಿ ಅಳೆದ ದೂರವನ್ನು.

ಹೊರಡುವ ಹೊತ್ತಿನ ಬಗ್ಗೆ ನಾನು ಹಠ ಹಿಡಿಯುತ್ತೇನೆ. ಬೆಳಗಿನ ಜಾವ 2ಕ್ಕೆ. ಆರಾಮಾಗಿ ಎದ್ದು ಆರಕ್ಕೆ ಹೊರಟರೆ ಮಾರನೇ ದಿನ ರಾತ್ರಿ 2ರಿಂದ 5ರ ನಡುವೆ ನೀವಿನ್ನೂ ರಸ್ತೆಯಲ್ಲೇ ಇರುತ್ತೀರಿ. ಎಂಥಾ ಗಟ್ಟಿಗನಿಗೂ ಕಣ್ಣು ಎಳೆಯುವ ಹೊತ್ತದು. ಗೆಳೆಯನೊಬ್ಬ ಹಾಗೆ ಬಂದವನು, ಗುಯಿಲಾಳು ಟೋಲ್ ದಾಟಿದ್ದೇ ನೆನಪಿಲ್ಲ ಅಂದ. ಟೋಲಿನ ಸಂದಿಯಲ್ಲಿ ಗಾಡಿ ನುಗ್ಗಿಸಿದ್ದಾನೆ, ಗೇರ್ ಹಾಕಿದ್ದಾನೆ, ತಲೆಯಲ್ಲಿ ಒಂದೂ ಉಳಿದಿಲ್ಲ. ಹಿಂದಿನ ದಿನ ಸಂಜೆ ಆರಕ್ಕೇ ಮಲಗಿ, ಎರಡಕ್ಕೆ ಹೊರಟರೆ ಆ ಹೊತ್ತು ಶುರುವಿಗೇ ಮುಗಿಯುತ್ತದೆ. ಚಿತ್ರದುರ್ಗದ ವಿಂಡ್‌ಮಿಲ್ ಕಾಣುವಾಗ ಬೆಳಕು ಹರಿದಿರುತ್ತದೆ. ಒಂಬತ್ತರ ಸುಮಾರಿಗೆ ಹುಬ್ಬಳ್ಳಿ, ಮಧ್ಯಾಹ್ನಕ್ಕೆ ಕೊಲ್ಲಾಪುರ, ಮೂರಕ್ಕೆ ತಿರುಗುವ ಜಾಗ.

ಸಂಜೆ ಕೊಲ್ಲಾಪುರದಿಂದ ಬೆಳಗಾವಿ ಕಡೆ ಬರುವಾಗ ಕಬ್ಬಿನ ಟ್ರ್ಯಾಕ್ಟರ್‌ಗಳ ಕಾಟ. ಒಂದರ ಹಿಂದೆ ಒಂದು ಎರಡು ಟ್ರೇಲರ್, ಅಗಲಕ್ಕೂ ಚಾಚಿದ ಕಬ್ಬು, ಕಿವಿ ಕಿತ್ತುಹೋಗುವ ಹಾಡು, ಹಿಂದೆ ಒಂದು ಕೆಂಪು ದೀಪ ಇಲ್ಲ. ಹಾಡು ಕೇಳಿಸುವಷ್ಟರಲ್ಲಿ ನೀವು ಅದರೊಳಗೇ ಇರುತ್ತೀರಿ. ಹಾಗಾಗಿ ಕಾರ್ಖಾನೆ ನಡೆಯುವ ನವೆಂಬರ್‌ನಿಂದ ಫೆಬ್ರವರಿವರೆಗೆ ಬೇಡ. ಜೂನ್‌ನಿಂದ ಸೆಪ್ಟೆಂಬರ್ ಆ ಕಡೆ ಮಳೆ, ಚಿತ್ರದುರ್ಗದಲ್ಲಿ ಅಡ್ಡ ಗಾಳಿ. ನನ್ನ ಓಟು ಮಾರ್ಚ್‌ನ ಎರಡನೇ ಭಾಗಕ್ಕೆ. ಬಿಸಿಲಿದೆ, ಆದರೆ ಬಿಸಿಲು ಕಣ್ಣಿಗೆ ಕಾಣುತ್ತದೆ.

ಕೆಲವರು ಶಾರ್ಟ್‌ಕಟ್ ಹುಡುಕುತ್ತಾರೆ. ಮಧುಗಿರಿ, ಪಾವಗಡ ಕಡೆಯಿಂದ ಹೋದರೆ ಟ್ರಾಫಿಕ್ ಕಮ್ಮಿ ಅಂತ. ಸುಗ್ಗಿಯಲ್ಲಿ ಒಮ್ಮೆ ಹೋಗಿ ನೋಡಿ. ರೈತರು ರಸ್ತೆ ತುಂಬಾ ಹುರುಳಿ ಹರಡಿರುತ್ತಾರೆ. ಅದರ ಬಳ್ಳಿ ಚೈನಿಗೂ ಆಕ್ಸಲ್ಲಿಗೂ ಹಗ್ಗದ ಹಾಗೆ ಸುತ್ತಿಕೊಳ್ಳುತ್ತದೆ. ಆಮೇಲೆ ಮಂಡಿಯೂರಿ ಕೂತು ಚಾಕುವಿನಲ್ಲಿ ಎಳೆ ಎಳೆಯಾಗಿ ಕೊಯ್ದು ತೆಗೆಯಬೇಕು. ಸೈಲೆನ್ಸರ್ ಬಿಸಿಗೆ ಬೆಂಕಿ ಹತ್ತಿದರೆ ಕಥೆಯೇ ಬೇರೆ. ಅವರಿಗೆ ಕಣ ಬೇಕು, ತಪ್ಪು ಹೇಳಲಾರೆ. ರೈಡಿಗೆ ಮಾತ್ರ ಆ ರಸ್ತೆ ಬೇಡ.

ಬಿಲ್ಲಿನ ವಿಷಯ ಬೇಗ ಹೇಳಿಬಿಡುತ್ತೇನೆ. ಶುರು, ಕೊನೆ, ತಿರುಗುವ ಜಾಗ, ಪ್ರತಿ ಪೆಟ್ರೋಲ್, ಎಲ್ಲದಕ್ಕೂ ತಾರೀಕು, ಗಂಟೆ, ಊರು ಇರುವ ಬಿಲ್ ಬೇಕು. ಪಂಪ್ ಬಿಡುವ ಮುಂಚೆ ಓದಿ ನೋಡಿ. ಎಷ್ಟೋ ಯಂತ್ರಗಳಲ್ಲಿ ಗಂಟೆಯೇ ತಪ್ಪಿರುತ್ತದೆ, ಊರಿನ ಹೆಸರೇ ಇರಲ್ಲ. ಹಾಗಿದ್ದರೆ ಕಾರ್ಡ್ ಉಜ್ಜಿಸಿ ಆ ಚೀಟಿಯನ್ನೂ ಇಟ್ಟುಕೊಳ್ಳಿ. ಬೆವರಿಗೆ, ಬಿಸಿಗೆ ಆ ಕಾಗದದ ಅಕ್ಷರ ಮಾಸಿಹೋಗುತ್ತದೆ, ಅಲ್ಲೇ ಮೀಟರ್ ಪಕ್ಕ ಹಿಡಿದು ಫೋಟೋ ತೆಗೆಯಿರಿ. ರಾತ್ರಿ ತೆರೆದಿರುವ ಪಂಪ್ ಯಾವುದು ಅಂತ ಮನೆಯಲ್ಲೇ ಫೋನ್ ಮಾಡಿ ಕೇಳಿಕೊಳ್ಳಿ. ಮಹಾರಾಷ್ಟ್ರಕ್ಕೆ ಹೋಗುವ ಮುಂಚೆ ನಿಪ್ಪಾಣಿಯಲ್ಲಿ ತುಂಬಿಸಿದರೆ ನಾಲ್ಕು ಕಾಸೂ ಉಳಿಯುತ್ತದೆ.

ಇನ್ನೊಂದು ಮಾತು, ಇದನ್ನು ಯಾರೂ ಪ್ಲಾನಿನಲ್ಲಿ ಬರೆಯಲ್ಲ. ಎಲ್ಲಿ ಬಿಟ್ಟುಬಿಡಬೇಕು ಅನ್ನುವುದು. ವಾಪಸ್ ಬರುವಾಗ ಹುಬ್ಬಳ್ಳಿಯಿಂದ ತುಮಕೂರಿಗೆ ಸುಮಾರು 340 ಕಿ.ಮೀ. ಇರುತ್ತದೆ. ರಾತ್ರಿ ಒಂಬತ್ತೂವರೆಗೆ ಅಲ್ಲಿದ್ದರೆ ಎಲ್ಲೂ ನಿಲ್ಲದೆ 75ರ ಸರಾಸರಿಯಲ್ಲಿ ಬಂದರೆ ಮಾತ್ರ ಎರಡಕ್ಕೆ ಮನೆ. ಅದಕ್ಕಿಂತ ತಡ ಆದರೆ ಅಂದಿನ ರೈಡ್ ಮುಗೀತು. ಆ ಸುಸ್ತಿನಲ್ಲಿ ಈ ಲೆಕ್ಕ ಹಾಕಲು ತಲೆ ಓಡಲ್ಲ, 'ಸ್ವಲ್ಪ ಎಳೆದರೆ ಆಗುತ್ತೆ' ಅನ್ನಿಸಿಬಿಡುತ್ತದೆ. ಅದಕ್ಕೇ ಟ್ಯಾಂಕಿನ ಮೇಲೆ ಟೇಪ್ ಅಂಟಿಸಿ 'ಹುಬ್ಬಳ್ಳಿ 9.30' ಅಂತ ದಪ್ಪಗೆ ಬರೆದುಕೊಳ್ಳಿ. ಬೈಕ್ ಗೇಟಿನೊಳಗೆ ನಿಲ್ಲಿಸಲು ಬಿಡುವ ಒಂದು ಲಾಡ್ಜಿನ ನಂಬರನ್ನೂ ಅದರ ಕೆಳಗೇ ಬರೆದಿಡಿ.