ಒತ್ತಿದವರೆಲ್ಲ ಗಿರಾಕಿಗಳಲ್ಲ

"ಯಾರೋ ಒತ್ತಿದ್ದಕ್ಕೆ ನಾವ್ಯಾಕೆ ದುಡ್ಡು ಕೊಡಬೇಕು?"

ಅತ್ತೆ ಹೀಗೆ ಕೇಳಿದಾಗ ನಾನು ನಕ್ಕುಬಿಟ್ಟಿದ್ದೆ. ಗೂಗಲ್‌ನಲ್ಲಿ ಜಾಹೀರಾತು ಹಾಕೋಣ, ಜನ ಸುಮ್ನೆ ನೋಡಿದರೆ ಖರ್ಚಿಲ್ಲ, ಅದರ ಮೇಲೆ ಒತ್ತಿದರೆ ಮಾತ್ರ ದುಡ್ಡು ಅಂತ ಬಹಳ ಉತ್ಸಾಹದಿಂದ ಹೇಳುತ್ತಿದ್ದೆ. ಅವರು ಹಲಸಿನ ಹಿಟ್ಟಿನ ಉಂಡೆ ಕಟ್ಟುತ್ತಿದ್ದವರು ತಲೆ ಎತ್ತಲೇ ಇಲ್ಲ. "ಅಂಗಡಿಗೆ ಬಂದು ಮುಟ್ಟಿ ನೋಡಿ ವಾಪಸ್ ಹೋದವ್ರಿಗೂ ನಾವೇ ದುಡ್ಡು ಕೊಟ್ಟ ಹಾಗಾಯ್ತಲ್ಲೇ" ಅಂದರು. ಎರಡು ತಿಂಗಳಲ್ಲಿ 11 ಸಾವಿರ ರೂಪಾಯಿ ಹೋದ ಮೇಲೆ ಆ ಮಾತು ನೆನಪಾಯಿತು. ಆಮೇಲೆ ನಗು ಬರಲಿಲ್ಲ.

ನಮ್ಮ ಮನೆ ಸಾಗರದ ಹತ್ತಿರ. ಬೇಸಿಗೆಯಲ್ಲಿ ಹಲಸಿನ ಹಪ್ಪಳ, ಜೊತೆಗೆ ಅಪ್ಪೆಮಿಡಿ ಉಪ್ಪಿನಕಾಯಿ. ಬಲಿತ ಕಾಯಿ ಬೇಯಿಸಿ, ಬೀಸಿ, ಮೆಣಸು ಕೊತ್ತಂಬರಿ ಉಪ್ಪು ಹಾಕಿ ಕಲಸಿ, ಎಣ್ಣೆ ಸವರಿದ ಪ್ಲಾಸ್ಟಿಕ್ ಹಾಳೆಯ ನಡುವೆ ಉಂಡೆ ಇಟ್ಟು ಒತ್ತಿ, ಚಾಪೆ ಮೇಲೆ ಬಿಸಿಲಿಗೆ ಹಾಕೋದು. ಮಳೆ ಶುರುವಾಗೋ ಮುಂಚೆ ಎಷ್ಟಾಯಿತೋ ಅಷ್ಟು. ಇಷ್ಟು ವರ್ಷ ಬೆಂಗಳೂರಿನ ನೆಂಟರು, ಅವರ ಪಕ್ಕದ ಮನೆಯವರು, ಅವರ ಆಫೀಸಿನವರು ಅಂತ ವಾಟ್ಸಾಪ್‌ನಲ್ಲೇ ವ್ಯಾಪಾರ ನಡೀತಿತ್ತು. ಅದನ್ನ ಸ್ವಲ್ಪ ದೊಡ್ಡದು ಮಾಡೋಣ ಅಂತ ನನಗೆ ಆಸೆ.

ಮೊದಲು ಮಾಡಿದ ತಪ್ಪು, ಈ ಜಾಹೀರಾತು ಹಾಕೋದು ಕಲಿಸೋ ಕೋರ್ಸ್ ತಗೊಂಡಿದ್ದು. ಹೆಸರು ಬೇಡ. 9,999 ರೂಪಾಯಿ. ಮೂರು ಶನಿವಾರ ಕೂತು ಕೇಳಿದೆ. ಉದಾಹರಣೆ ಎಲ್ಲಾ ಬೆಂಗಳೂರಿನ ಫ್ಲಾಟ್ ಮಾರೋದು, ದಿನಕ್ಕೆ ಐದು ಸಾವಿರ ಬಜೆಟ್ ಹಾಕೋದು. ಒಂದು ಪ್ಯಾಕೆಟ್‌ಗೆ 50 ರೂಪಾಯಿ ಉಳಿಯೋ ಹಪ್ಪಳಕ್ಕೆ ಇದೆಲ್ಲ ಹೇಗೆ ಸರ್ ಅಂತ ಕೇಳಿದರೆ "ಸ್ಕೇಲ್ ಮಾಡಿ ಮೇಡಂ" ಅಂದರು, ಅಂದರೆ ಇನ್ನೂ ಜಾಸ್ತಿ ಮಾಡಿ ಮಾರಿ ಅಂತ. ಹಲಸಿನ ಮರಕ್ಕೆ ಹೋಗಿ ಹೇಳಬೇಕಿತ್ತೇನೋ. ಕೋರ್ಸ್ ಮುಗಿದ ಮೇಲೆ ತಿಳಿಯಿತು, ಗೂಗಲ್‌ನವರದೇ ಸ್ಕಿಲ್‌ಶಾಪ್ ಅಂತ ಇದೆ, ಅಲ್ಲಿ ಇದೇ ಪಾಠ ಪುಕ್ಕಟೆ.

ಈಗ ನಿಜವಾದ ವಿಷಯಕ್ಕೆ ಬರ್ತೀನಿ. ಈ ಜಾಹೀರಾತಿನಲ್ಲಿ ನಾವು ಕೊಳ್ಳೋದು ಗಿರಾಕಿಗಳನ್ನಲ್ಲ, ಜನ ಟೈಪ್ ಮಾಡೋ ಮಾತನ್ನ. ಇದೊಂದು ತಲೆಗೆ ಹೋಗಿದ್ದರೆ ನನ್ನ ಅರ್ಧ ದುಡ್ಡು ಉಳೀತಿತ್ತು.

ಯಾವ ಮಾತು ಹುಡುಕಿದರೆ ನಮ್ಮ ಜಾಹೀರಾತು ಕಾಣಬೇಕೋ ಅದೇ ಕೀವರ್ಡ್. ನಾನು ಆ ಜಾಗದಲ್ಲಿ ಹಪ್ಪಳ, ಪಾಪಡ್, ಹಲಸಿನ ಹಪ್ಪಳ ಅಂತ ಇಂಗ್ಲಿಷ್ ಅಕ್ಷರದಲ್ಲಿ, ಯಾವ ಗುರುತೂ ಹಾಕದೆ ಹಾಗೇ ಬರೆದಿದ್ದೆ. ಹಾಗೆ ಬರೆದರೆ ಅದು ಬ್ರಾಡ್ ಮ್ಯಾಚ್. ಅಂದರೆ ಅದಕ್ಕೆ ಸಂಬಂಧ ಇದೆ ಅಂತ ಕಂಡ ಯಾವ ಹುಡುಕಾಟಕ್ಕಾದರೂ ನಮ್ಮ ಜಾಹೀರಾತು ಹೋಗಬಹುದು. ಕೋಟ್ ಗುರುತಿನೊಳಗೆ ಬರೆದರೆ ಫ್ರೇಸ್ ಮ್ಯಾಚ್, ಚೌಕ ಬ್ರಾಕೆಟ್ ಒಳಗೆ ಬರೆದರೆ ಎಗ್ಸಾಕ್ಟ್ ಮ್ಯಾಚ್, ಆಗ ಬಲೆ ಸಣ್ಣದಾಗುತ್ತೆ. ಇದು ಸಹಾಯ ಪುಟದಲ್ಲೇ ಬರೆದಿದೆ, ಓದದೇ ಇದ್ದಿದ್ದು ನಾನು.

ಒಂದೂವರೆ ತಿಂಗಳಾದ ಮೇಲೆ ಒಂದು ರಾತ್ರಿ ಸರ್ಚ್ ಟರ್ಮ್ಸ್ ಅನ್ನೋ ಪಟ್ಟಿ ತೆರೆದೆ. ಜನ ಏನು ಟೈಪ್ ಮಾಡಿ ನಮ್ಮ ಜಾಹೀರಾತು ಒತ್ತಿದರು ಅಂತ ಅದರಲ್ಲಿ ಇರುತ್ತೆ. ಎಲ್ಲವೂ ಇರಲ್ಲ, ಇಡೀ ಗೂಗಲ್‌ನಲ್ಲೇ ತೀರಾ ಕಮ್ಮಿ ಜನ ಹುಡುಕಿದ್ದನ್ನ ತೋರಿಸಲ್ಲ, ಆದರೆ ಕಣ್ಣು ಬಿಡೋಕೆ ಬೇಕಾದಷ್ಟು ಇತ್ತು. ಹಪ್ಪಳ ಒತ್ತೋ ಮೆಷಿನ್ ರೇಟು. ಹಲಸಿನ ಹಪ್ಪಳ ಮಾಡುವ ವಿಧಾನ. ಪಾಪಡ್ ಹೋಲ್‌ಸೇಲ್. ಮಸಾಲಾ ಪಾಪಡ್ ಎಷ್ಟು ಕ್ಯಾಲರಿ. ಆಮೇಲೆ ಮತ್ತೆ ಮತ್ತೆ ಬಂದಿದ್ದು, "ಮನೆಯಲ್ಲೇ ಹಪ್ಪಳ ಪ್ಯಾಕಿಂಗ್ ಕೆಲಸ".

ಇದನ್ನ ನೋಡಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನನ್ನ ಥರಾನೇ ಮನೆಯಿಂದ ನಾಲ್ಕು ಕಾಸು ದುಡಿಯೋಣ ಅಂತ ಯಾವಳೋ ಹೆಂಗಸು ರಾತ್ರಿ ಫೋನಲ್ಲಿ ಕೆಲಸ ಹುಡುಕುತ್ತಾಳೆ, ನನ್ನ ಜಾಹೀರಾತು ಒತ್ತುತ್ತಾಳೆ, ಇಲ್ಲಿ ಕೆಲಸ ಇಲ್ಲ ಅಂತ ನೋಡಿ ಹೋಗುತ್ತಾಳೆ, ಅದಕ್ಕೆ ನಾನು 7 ರೂಪಾಯಿ ಕೊಡುತ್ತೇನೆ. ಇಬ್ಬರಿಗೂ ಏನೂ ಸಿಗಲಿಲ್ಲ.

ಇದಕ್ಕೆ ಮದ್ದು ನೆಗೆಟಿವ್ ಕೀವರ್ಡ್. ಈ ಮಾತು ಇದ್ದರೆ ನನ್ನ ಜಾಹೀರಾತು ತೋರಿಸಬೇಡಿ ಅಂತ ಹೇಳೋದು. ರೆಸಿಪಿ, ಮೆಷಿನ್, ಜಾಬ್, ಹೋಲ್‌ಸೇಲ್, ಕ್ಯಾಲರಿ. ಕನ್ನಡ ಅಕ್ಷರದಲ್ಲೂ ಹಾಕಬೇಕು, ಇಂಗ್ಲಿಷ್ ಅಕ್ಷರದಲ್ಲೂ ಹಾಕಬೇಕು. ಜಾಬ್ ಹಾಕಿದರೆ ಜಾಬ್ಸ್ ನಿಲ್ಲಲ್ಲ, ಅದನ್ನ ಬೇರೆ ಹಾಕಬೇಕು. ಒಂದು ವಾರ ದಿನಾ ರಾತ್ರಿ ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಇದನ್ನೇ ಮಾಡಿದೆ.

ಅದೇ ಪಟ್ಟಿಯಲ್ಲಿ ಒಳ್ಳೆಯದೂ ಸಿಕ್ಕಿತು. "ಹಪ್ಪಳ"ವನ್ನ ಜನ ಇಂಗ್ಲಿಷ್ ಅಕ್ಷರದಲ್ಲಿ ಐದಾರು ಥರ ಬರೀತಾರೆ. ಮಂಗಳೂರು ಕಡೆಯವರು ಗುಜ್ಜೆ, ಅಂದರೆ ಹಲಸಿನಕಾಯಿ, ಅಂತ ಸೇರಿಸಿ ಹುಡುಕಿದ್ದರು. ಜಾಕ್‌ಫ್ರೂಟ್ ಪಾಪಡ್ ಅಂತ ಹುಡುಕಿದವರಿಗಿಂತ "ಹಲಸಿನಕಾಯಿ ಹಪ್ಪಳ ಆನ್‌ಲೈನ್" ಅಂತ ಹುಡುಕಿದವರೇ ಜಾಸ್ತಿ ಕೊಂಡಿದ್ದು, ಅದೂ ಕಮ್ಮಿ ರೇಟಿಗೆ ಸಿಕ್ಕಿದ ಕ್ಲಿಕ್. ನಮ್ಮ ಭಾಷೆಯ ಮಾತಿಗೆ ಹರಾಜಿನಲ್ಲಿ ಪೈಪೋಟಿ ಕಮ್ಮಿ ಇತ್ತು ಅಂತ ನನ್ನ ಅಂದಾಜು.

ಹರಾಜು ಅಂದೆನಲ್ಲ, ಅದು ನಿಜವಾಗಿಯೂ ಹರಾಜೇ. ಕ್ಲಿಕ್ಕಿಗೆ ಇಷ್ಟು ಅಂತ ಕೂಗೋ ಪದ್ಧತಿ 1998ರಲ್ಲಿ ಅಮೆರಿಕದ ಗೋಟು ಅನ್ನೋ ಕಂಪನಿ ಶುರು ಮಾಡಿದ್ದು. ಅಲ್ಲಿ ಜಾಸ್ತಿ ಕೂಗಿದವನು ಮೇಲೆ. ಗೂಗಲ್ 2002ರಲ್ಲಿ ಕ್ಲಿಕ್ಕಿನ ಲೆಕ್ಕಕ್ಕೆ ಬಂದಾಗ ಒಂದು ಬದಲಾವಣೆ ಮಾಡಿತು: ದುಡ್ಡಿನ ಜೊತೆಗೆ ಜನ ಆ ಜಾಹೀರಾತನ್ನ ಎಷ್ಟು ಒತ್ತುತ್ತಾರೆ ಅನ್ನೋದನ್ನೂ ಲೆಕ್ಕಕ್ಕೆ ಹಿಡಿಯಿತು. ಈಗ ನಮ್ಮ ಪುಟ ಎಷ್ಟು ಉಪಯೋಗಕ್ಕೆ ಬರುತ್ತೆ ಅನ್ನೋದನ್ನೂ ನೋಡುತ್ತಾರೆ. ಹಾಗಾಗಿ ನಮ್ಮಂಥ ಬಡಪಾಯಿಗಳೂ ದೊಡ್ಡ ಅಂಗಡಿಗಳ ಮೇಲೆ ಕೂರೋದುಂಟು, ಹುಡುಕಿದ ಮಾತೇ ಜಾಹೀರಾತಿನಲ್ಲಿ ಇದ್ದು, ಒತ್ತಿದ ಮೇಲೆ ಅದೇ ವಸ್ತು ಕಣ್ಣಿಗೆ ಬಿದ್ದರೆ.

ಇನ್ನು ಲೆಕ್ಕ. ಇದನ್ನ ಅತ್ತೆ ಅಡಿಕೆ ಚೀಟಿಯ ಹಿಂದೆ ಮಾಡಿದ್ದು. 25 ಹಪ್ಪಳದ ಪ್ಯಾಕೆಟ್ 160 ರೂಪಾಯಿ, ಎಲ್ಲಾ ಕಳೆದು ಉಳಿಯೋದು 50. ನೂರು ಜನ ಒತ್ತಿದರೆ ಕೊಂಡವರು ನಾಲ್ಕು ಜನ. ಉಳಿದಿದ್ದು 200, ಒತ್ತಿದ್ದಕ್ಕೆ 7 ರೂಪಾಯಿಯ ಹಾಗೆ ಹೋಗಿದ್ದು 700. ಲಾಭ ನಷ್ಟ ಇಲ್ಲದೆ ಸರಿಹೋಗಬೇಕಾದರೆ ಒಂದು ಕ್ಲಿಕ್ಕಿಗೆ 2 ರೂಪಾಯಿ ಮೀರಬಾರದು. ಆ ರೇಟಿಗೆ ನಮಗೆ ಸಿಗ್ತಾ ಇರಲಿಲ್ಲ. ಅದಕ್ಕೇ ಬಿಡಿ ಪ್ಯಾಕೆಟ್ ಜಾಹೀರಾತು ನಿಲ್ಲಿಸಿ, ಮೂರು ಪ್ಯಾಕೆಟ್ ಹಪ್ಪಳ, ಒಂದು ಬಾಟಲಿ ಅಪ್ಪೆಮಿಡಿ ಸೇರಿಸಿ 750 ರೂಪಾಯಿಯ ಡಬ್ಬಿ ಮಾಡಿದೆವು. ಅದರಲ್ಲಿ 220 ಉಳಿಯುತ್ತೆ. ನೂರಕ್ಕೆ ಅದೇ ನಾಲ್ಕು ಜನ ಕೊಂಡರೂ ಕ್ಲಿಕ್ಕಿಗೆ 8 ರೂಪಾಯಿ 80 ಪೈಸೆವರೆಗೆ ತಡೆಯುತ್ತೆ. ಜಾಹೀರಾತಿನ ಅಕ್ಷರ ತಿದ್ದಿದ್ದಕ್ಕಿಂತ ಈ ಡಬ್ಬಿಯಿಂದಲೇ ನಾವು ಉಳಿದುಕೊಂಡಿದ್ದು.

ಯಾರಾದರೂ ಶುರು ಮಾಡೋರಿದ್ದರೆ ಇನ್ನೂ ಒಂದೆರಡು ಹೇಳಿಬಿಡ್ತೀನಿ. ಮುಂಗಡವಾಗಿ 5,000 ತುಂಬಿದರೆ ಅದರಲ್ಲೇ 18 ಪರ್ಸೆಂಟ್ ಜಿಎಸ್‌ಟಿ ಹೋಗಿ ಜಾಹೀರಾತಿಗೆ ಸಿಗೋದು 4,237. ದಿನಕ್ಕೆ 200 ಅಂತ ಹಾಕಿದರೂ ಯಾವುದೋ ಒಂದು ದಿನ 400ರವರೆಗೆ ಹೋಗಬಹುದು, ತಿಂಗಳ ಲೆಕ್ಕದಲ್ಲಿ ಸರಿಹೋಗುತ್ತೆ, ಹೆದರಬೇಡಿ. ಜಾಹೀರಾತು ಎಲ್ಲಿ ಕಾಣಬೇಕು ಅಂತ ಊರು ಆರಿಸುವಾಗ ಆ ಊರಿನಲ್ಲಿ ಇರುವವರು ಅಂತ ಇರೋದನ್ನೇ ಆರಿಸಿ. ಮೊದಲೇ ಗುರುತು ಹಾಕಿರೋದು ಆ ಊರಿನ ಬಗ್ಗೆ ಆಸಕ್ತಿ ಇರುವವರನ್ನೂ ಸೇರಿಸುತ್ತೆ. ನಾನು ಬೆಂಗಳೂರು, ಮೈಸೂರು ಅಂತ ಹಾಕಿದ್ದೆ, ಕ್ಲಿಕ್ ದುಬೈನಿಂದಲೂ ಬಂತು. ಅಲ್ಲಿಗೆ ಕಳಿಸೋಕೆ ಹೋದರೆ ಹಪ್ಪಳಕ್ಕಿಂತ ಕೊರಿಯರ್ ಜಾಸ್ತಿ.

ನಮಗೆ ದೊಡ್ಡ ವೆಬ್‌ಸೈಟ್ ಇಲ್ಲ. ಒಂದೇ ಪುಟ, ಕೆಳಗೆ ವಾಟ್ಸಾಪ್ ಬಟನ್. ಆ ಬಟನ್ನಿನ ಲಿಂಕ್‌ನಲ್ಲೇ "ನಮಸ್ಕಾರ, ಗೂಗಲ್‌ನಲ್ಲಿ ನೋಡಿದೆ" ಅಂತ ಬರೆದಿಟ್ಟಿದ್ದೇನೆ, ಒತ್ತಿದವರ ಫೋನಲ್ಲಿ ಅದು ತಾನಾಗೇ ಬರುತ್ತೆ. ಯಾರು ನೆಂಟರ ಕಡೆಯಿಂದ ಬಂದವರು, ಯಾರು ಜಾಹೀರಾತಿನಿಂದ ಬಂದವರು ಅಂತ ಲೆಕ್ಕ ಇಡೋಕೆ ನನಗೆ ಇಷ್ಟೇ ಸಾಕಾಯಿತು.

ಎಲ್ಲರಿಗೂ ಇದು ಬೇಕೇ ಬೇಕು ಅಂತ ನಾನು ಹೇಳಲ್ಲ. ಊರಲ್ಲೇ ಬ್ಲೌಸ್ ಹೊಲಿಯೋರಿಗೆ, ಟಿಫಿನ್ ಕಳಿಸೋರಿಗೆ ಗೂಗಲ್ ಮ್ಯಾಪ್‌ನಲ್ಲಿ ಪುಕ್ಕಟೆ ಹೆಸರು ಹಾಕಿಕೊಂಡರೆ ಮುಕ್ಕಾಲು ಕೆಲಸ ಆಯಿತು. ಜನ ಹೆಸರು ಹಿಡಿದು ಹುಡುಕೋ ವಸ್ತು ನಿಮ್ಮ ಹತ್ತಿರ ಇದ್ದರೆ ಮಾತ್ರ ಇದಕ್ಕೆ ಕೈ ಹಾಕಿ. ಯಾರೂ ಕೇಳಿರದ ಹೊಸ ತಿಂಡಿ ಮಾಡಿದ್ದರೆ ಅದನ್ನ ಹುಡುಕೋರೇ ಇರಲ್ಲ ಅಲ್ವಾ?

ಅತ್ತೆಗೆ ಈಗ ಆ ಸರ್ಚ್ ಟರ್ಮ್ಸ್ ಪಟ್ಟಿ ಅಂದರೆ ಪೇಪರ್ ಇದ್ದ ಹಾಗೆ. ಬೆಳಿಗ್ಗೆ ಕಾಫಿ ಕುಡಿಯುವಾಗ "ನಿನ್ನೆ ಏನೇನು ಕೇಳಿದಾರೆ ಓದು" ಅಂತಾರೆ. ಹೋದ ವಾರ ಹಲಸಿನ ಬೀಜದ ಹಪ್ಪಳ ಅಂತ ಮೂರು ಜನ ಹುಡುಕಿದ್ದರು. ಅವರು ಏನೂ ಅನ್ನಲಿಲ್ಲ, ಒಳಗೆ ಹೋಗಿ ಬೀಜದ ಡಬ್ಬ ಅಲ್ಲಾಡಿಸಿ ನೋಡಿ ಬಂದರು.

ಅಂದಹಾಗೆ ಈ ವರ್ಷದ ಹಪ್ಪಳ ಮುಗಿದಿದೆ. ಮುಗಿದ ಮೇಲೂ ನಾಲ್ಕು ದಿನ ಜಾಹೀರಾತು ನಿಲ್ಲಿಸೋದು ಮರೆತಿದ್ದೆ, ಅದರ ಬೈಗುಳ ಬೇರೆ ತಿಂದಿದ್ದೇನೆ. ಕಾಮೆಂಟಿನಲ್ಲಿ ಕೇಳಬೇಡಿ, ಮುಂದಿನ ಏಪ್ರಿಲ್‌ವರೆಗೆ ಇಲ್ಲ. ಉಪ್ಪಿನಕಾಯಿ ಇದೆ.