ಐದು ಬಿಳಿ ಗುಳಿಗೆ

ಕಳೆದ ವಾರ ಬೆಳಗ್ಗೆ ಪಕ್ಕದ ಮನೆ ಸೊಸೆ ಬಚ್ಚಲಲ್ಲಿ ವಾಂತಿ ಮಾಡ್ತಾ ಇದ್ದಳು. ಅತ್ತೆಗೆ ಖುಷಿಯೋ ಖುಷಿ. ಮಧ್ಯಾಹ್ನ ಆ ಹುಡುಗಿ ನನ್ನ ಅಡುಗೆಮನೆಗೆ ಬಂದು, ಸೆರಗಿನ ಗಂಟು ಬಿಚ್ಚಿ, ಬಸಿರಾಗದಂತೆ ದಿನಾ ನುಂಗೋ ಮಾಲಾ-ಎನ್ ಗುಳಿಗೆಯ ಪಟ್ಟಿ ತೋರಿಸಿದಳು.

"ಅಕ್ಕಾ, ಐದು ಗುಳಿಗಿ ಒಮ್ಮೆಲೇ ನುಂಗೀನ್ರೀ. ಸಾಯ್ತೀನೇನ್ರೀ?"

ಚಿಂಚೋಳಿಯ ತವರಿಗೆ ಹೋದಾಗ ಐದು ದಿನ ಗುಳಿಗೆ ತಪ್ಪಿತ್ತಂತೆ. ಕಲಬುರಗಿಗೆ ವಾಪಸ್ ಬಂದ ರಾತ್ರಿ ಬಾಕಿ ತೀರಿಸಿದ್ದಾಳೆ!

ಓಣಿಯ ಆಶಾ ಕಾರ್ಯಕರ್ತೆ ಅಕ್ಕನನ್ನು ಕರೆದೆ. ಅವರು ಮೊದಲು ಕೇಳಿದ್ದು ಒಂದೇ: "ಬ್ಯಾರೆ ಏನರ ನುಂಗೀಯೇನವ್ವಾ?" ಇಲ್ಲ ಅಂದಳು. ಡಾಕ್ಟರಿಗೂ ಫೋನ್ ಮಾಡಿ ವಿಚಾರಿಸಿದರು. ಹೊಟ್ಟೆ ತೊಳೆಸೋದು, ವಾಂತಿ, ತಲೆನೋವು, ಕೆಲವರಿಗೆ ಎರಡು ಮೂರು ದಿನ ಬಿಟ್ಟು ಸ್ವಲ್ಪ ರಕ್ತ. ಇಷ್ಟೇ. ಗರ್ಭಕೋಶ ಸುಟ್ಟು ಹೋಗಲ್ಲ, ಮುಂದೆ ಮಕ್ಕಳೂ ಆಗ್ತವೆ. ಆದರೆ ಐದೂ ಒಟ್ಟಿಗೆ ನುಂಗಿದರೆ ತಪ್ಪಿದ ದಿನಗಳು ತುಂಬಿಕೊಳ್ಳಲ್ಲ. ಇಷ್ಟು ತಪ್ಪಿದರೆ ನೆನಪಾದ ಕೂಡಲೇ ಒಂದು ನುಂಗಿ, ಆಮೇಲೆ ದಿನಕ್ಕೊಂದರಂತೆ ಮುಂದುವರಿಸಿ, 7 ದಿನ ನಿರೋಧ್ ಬಳಸಬೇಕು.

ಇವಳು ಮರೆತಿರಲಿಲ್ಲ, ಅದು ಆಮೇಲೆ ಗೊತ್ತಾಯ್ತು. ಪಟ್ಟಿಯನ್ನು ಜೋಳದ ಹಿಟ್ಟಿನ ಡಬ್ಬಿ ಹಿಂದೆ ಬಚ್ಚಿಟ್ಟಿದ್ದಳು. ಹೊರಡುವಾಗ ಅತ್ತೆ ಅಲ್ಲೇ ರೊಟ್ಟಿ ಬಡೀತಾ ಕೂತಿದ್ದರು. ತೆಗೆಯೋದು ಹೇಗೆ? 28 ಗುಳಿಗೆಯ ಪಟ್ಟಿ, ಹಿಂದೆ ಬಾಣದ ಗುರುತು ಬೇರೆ, ದಿನಾ ತಪ್ಪದೆ ನುಂಗಲಿ ಅಂತ. ಕದ್ದು ನುಂಗೋಳಿಗೆ ಬಾಣ ಏನು ಮಾಡ್ತದೆ, ಹೇಳಿ.

ನಾವು ಹೆದರೋದೂ ಬೇಡದ್ದಕ್ಕೇ. ಬಿಪಿ ಇರೋರು, 35 ದಾಟಿ ಬೀಡಿ ಸೇದೋರು, ಹಿಂದೆ ರಕ್ತ ಹೆಪ್ಪುಗಟ್ಟಿದೋರು ದಿನಕ್ಕೆ ಒಂದೇ ನುಂಗಿದರೂ ತೊಂದರೆ ಆಗಬಹುದು. ಶುರು ಮಾಡೋ ಮೊದಲು ಬಿಪಿ ನೋಡಿಸಿದವರು ನಮ್ಮ ಓಣಿಯಲ್ಲಿ ಎಷ್ಟು ಜನ? ನಾನೂ ನೋಡಿಸಿರಲಿಲ್ಲ, ಸುಮ್ನೆ ಯಾಕೆ ಸುಳ್ಳು.

ಆಶಾ ಅಕ್ಕನಿಗೆ ನಿಜಕ್ಕೂ ಸಿಟ್ಟು ಬಂದದ್ದು ಅದೇ ಡಬ್ಬಿ ಹಿಂದಿದ್ದ ಇನ್ನೊಂದು ಪಟ್ಟಿ ನೋಡಿ. ರಕ್ತ ಕಡಿಮೆ ಅಂತ ಕೊಟ್ಟಿದ್ದ ಕೆಂಪು ಕಬ್ಬಿಣದ ಗುಳಿಗೆ. ಮೇಲೆ ಸಕ್ಕರೆ ಲೇಪ, ನೋಡೋಕೆ ಪೆಪ್ಪರ್‌ಮಿಂಟ್ ಥರ. ಎರಡೂವರೆ ವರ್ಷದ ಮಗಳಿಗೆ ಕೈಗೆಟುಕೋ ಜಾಗ. ಕೂಸು ಅವನ್ನ ಹಿಡಿ ತುಂಬ ನುಂಗಿದರೆ ಜೀವಕ್ಕೇ ಸಂಚಕಾರ, ವಾಂತಿ ಆಗಲಿ ಅಂತ ಕಾಯದೆ 108ಕ್ಕೆ ಫೋನ್ ಮಾಡಬೇಕು. ಅಕ್ಕ ಎರಡೂ ಪಟ್ಟಿ ತಗೊಂಡು ಅಲ್ಮಾರಿ ಮೇಲಿಟ್ಟರು.

ಸಂಜೆ ಅತ್ತೆ ಸೂಪರ್ ಮಾರ್ಕೆಟ್‌ನಿಂದ ಹುಳಿ ಮಾವಿನಕಾಯಿ ತಂದರು. ಅವರಿಗೆ ಇನ್ನೂ ಯಾರೂ ಹೇಳಿಲ್ಲ.